ಬಾಲಂಗೋಚಿಗೆ ಒಂದು ಸಾಲು

ಮಾರ್ಚ್ 3, ಸೋಮವಾರ

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಕೈಕಟ್ಟಿ ಕುಳಿತ ವಿಮರ್ಶಕರೇ, ಹಿಂದಿನ ಸಾಲಿನಲ್ಲಿ ಆಗಲೇ ಆಕಳಿಸುತ್ತಿರುವ ಮಹನೀಯರೇ. ಒಂದೇ ಪ್ರಕಾಶನದಲ್ಲಿ ಕರಡು ತಿದ್ದುತ್ತಾ, ಪರರ ತಪ್ಪುಗಳಿಂದಲೇ ಹೊಟ್ಟೆ ಹೊರೆದುಕೊಂಡು ಬಂದ ಈ ಬಡಪಾಯಿ ಇಂದು ತಮ್ಮೆದುರು ಯುದ್ಧ ಘೋಷಿಸಲು ನಿಂತಿದ್ದಾನೆ. ಚಪ್ಪಾಳೆಯನ್ನು ಕೊನೆಗೆ ಇಟ್ಟುಕೊಳ್ಳಿ.

ಕಾರಣವಿಷ್ಟೇ. ಬಂದಿದೆ ಸುತ್ತೋಲೆ, ಎಲ್ಲರ ಕೊರಳಿಗೂ ಒಂದೇ ಮಾಲೆ. ಏಪ್ರಿಲ್ ಒಂದರಿಂದ ಕಚೇರಿಯವರೆಲ್ಲರೂ ಹೊಸದಾಗಿ ಕೊಂಡ ಒಂದೇ ತಂತ್ರಾಂಶದಲ್ಲಿ ಕೆಲಸ ಮಾಡತಕ್ಕದ್ದು. ಸ್ವಂತ ತಯಾರಿಕೆಯ ಯಾವುದನ್ನೂ ಕಚೇರಿಯ ಕಂಪ್ಯೂಟರಿನಲ್ಲಿ ಇಡತಕ್ಕದ್ದಲ್ಲ. ಸಹಿ: ವ್ಯವಸ್ಥಾಪಕರು. ಅವರು ಮಾತಿಗೊಮ್ಮೆ ‘ಏಕರೂಪತೆ’ ಎನ್ನುವುದರಿಂದ ನಾನವರನ್ನು ಏಕರೂಪ ಸಾಹೇಬರು ಎಂದು ಕರೆಯುತ್ತೇನೆ, ಇಲ್ಲಿ ಮಾತ್ರ.

ನಾನು ಬರೆಯುವ, ತಿದ್ದುವ ತಂತ್ರಾಂಶ, ಅಂದರೆ ನನ್ನ ಎಡಿಟರ್, ಹಳೆಯದು. ಅದೊಂದು ಖಾಲಿ ಕೋಣೆ. ನಾಲ್ಕು ಗೋಡೆ, ಒಂದು ಬಾಗಿಲು, ಮಿಟುಕುವ ಕರ್ಸರ್. ಕಪಾಟು ಬೇಕೆಂದರೆ ತಂದಿಟ್ಟುಕೊಳ್ಳಬೇಕು, ಗೂಟ ಬೇಕೆಂದರೆ ಹೊಡೆದುಕೊಳ್ಳಬೇಕು. ಲೋಕದ ಯಾವ್ಯಾವ ಮೂಲೆಯವರೋ ಮಾಡಿಟ್ಟ ಸಾವಿರಾರು ಕಪಾಟು, ಗೂಟಗಳು ಅಂತರ್ಜಾಲದ ಒಂದು ಸಾರ್ವಜನಿಕ ಭಂಡಾರದಲ್ಲಿವೆ. ಬೇಕಾದ್ದನ್ನು ಪುಕ್ಕಟೆಯಾಗಿ ತರಬಹುದು. ಬೇಕಾದ್ದು ಇಲ್ಲದಿದ್ದರೆ ತಾನೇ ಬರೆದುಕೊಳ್ಳಬಹುದು. ಬಲ್ಲವರು ಇವನ್ನು ಪ್ಯಾಕೇಜು, ಲೈಬ್ರರಿ ಎನ್ನುತ್ತಾರೆ. ನಾನು ಬಾಲಂಗೋಚಿ ಎನ್ನುತ್ತೇನೆ. ನೋಡಿದವರು ನಗುತ್ತಾರೆ, ಆದರೆ ಅದನ್ನು ಕತ್ತರಿಸಿ ನೋಡಿ, ಗಾಳಿಪಟ ಲಾಗ ಹೊಡೆಯುತ್ತದೆ.

ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವನಿಗೆ ಇದೆಲ್ಲ ಹೇಗೆ ಬಂತು ಎಂದು ಮುಂದಿನ ಸಾಲಿನವರು ಹುಬ್ಬೇರಿಸುತ್ತಿದ್ದೀರಿ. ಛಂದಸ್ಸು ಕಲಿತವನಿಗೆ ಇದೇನು ಮಹಾ? ಅಲ್ಲೂ ಎಣಿಕೆ, ಇಲ್ಲೂ ಎಣಿಕೆ. ಅಲ್ಲಿ ಒಂದು ಮಾತ್ರೆ ತಪ್ಪಿದರೆ ಮೇಷ್ಟ್ರು ಬೈಯುತ್ತಿದ್ದರು, ಇಲ್ಲಿ ಯಂತ್ರ ಬೈಯುತ್ತದೆ. ಹೀಗೆ ಬೈಸಿಕೊಂಡು ಮೂರು ಬಾಲಂಗೋಚಿ ಮಾಡಿದ್ದೇನೆ. ‘ಪ್ರಾಸದಾಸ’ ಯಾವ ಪದ ಕೊಟ್ಟರೂ ಪ್ರಾಸ ಹುಡುಕಿ ಕೊಡುತ್ತದೆ. ಇದು ಶುದ್ಧ ಚಟ. ‘ಹಿಗ್ಗು’, ಕರ್ಸರ್ ನಿಂತ ಸಾಲನ್ನು ಊದಿಸಿ ದೊಡ್ಡದು ಮಾಡುತ್ತದೆ. ‘ಪಿಸುಮಾತು’ ಆ ಸಾಲನ್ನು ಇಯರ್‌ಫೋನಿನಲ್ಲಿ ಓದಿ ಹೇಳುತ್ತದೆ.

ಪಿಸುಮಾತಿಗೆ ನಾನೇ ಕಲಿಸಿದ ಒಂದು ಶಿಸ್ತು ಉಂಟು. ಕರಡಿನಲ್ಲಿ ಕಚೇರಿಯವರು ಪರಸ್ಪರ ಬರೆದುಕೊಳ್ಳುವ ಟಿಪ್ಪಣಿಗಳು ಚೌಕ ಕಂಸದೊಳಗೆ ಇರುತ್ತವೆ. ಅಚ್ಚಿಗೆ ಮೊದಲು, ಕೊನೆಯ ಸುತ್ತಿನಲ್ಲಿ, ಅವನ್ನು ಕಣ್ಣಿಂದ ಹುಡುಕಿ ಅಳಿಸುವುದು ನನ್ನ ಕೆಲಸ. ಓದುವಾಗ ಅವು ಅಡ್ಡ ಬಾರದಿರಲೆಂದು, ಚೌಕ ಕಂಸ ಕಂಡ ಕೂಡಲೇ ಪಿಸುಮಾತು ಅದನ್ನು ಹಾರಿ ಮುಂದೆ ಹೋಗುತ್ತದೆ. ಅದರೊಳಗೆ ಏನಿದ್ದರೂ ಅದರ ಪಾಲಿಗೆ ಇಲ್ಲ.

ಈ ದಿನಚರಿಯನ್ನೂ ಮನೆಯಲ್ಲಿ ಅದೇ ಎಡಿಟರಿನಲ್ಲಿ ಬರೆದು, ಸಂಜೆ ಪಿಸುಮಾತಿನ ಬಾಯಲ್ಲೇ ಕೇಳುತ್ತೇನೆ. ಸ್ವಂತ ಭಾಷಣವನ್ನು ಕೂತು ಕೇಳುವ ಸುಖ ಎಷ್ಟು ಜನರಿಗುಂಟು?

[ನನಗೆ ಕೇಳಬಾರದ್ದು ಇಲ್ಲಿರಲಿ. ಒತ್ತಕ್ಷರಗಳು ಕಾಣುತ್ತಿಲ್ಲ.]

ಮಾರ್ಚ್ 5, ಬುಧವಾರ

ಸಾಹೇಬರು ಕರೆಸಿದರು. ಅವರ ಕೋಣೆಯ ಕುರ್ಚಿ, ಮೇಜು, ಪರದೆ, ಪೆನ್ನು ಎಲ್ಲವೂ ಒಂದೇ ಬೂದು ಬಣ್ಣ. ಎಲ್ಲರೂ ಹೊಸದಕ್ಕೆ ಹೊಂದಿಕೊಂಡಿರುವಾಗ ನನಗೊಬ್ಬನಿಗೇನು ಕಷ್ಟ ಎಂದು ಕೇಳಿದರು.

“ಕಷ್ಟ ಅಲ್ಲ ಸರ್, ಸಿದ್ಧಾಂತ.”

“ಸಿದ್ಧಾಂತ ಮನೇಲಿಟ್ಟು ಬನ್ನಿ. ಇಲ್ಲಿ ಜಾಗ ಇಲ್ಲ.”

ಮನೆಯಲ್ಲೂ ಜಾಗವಿಲ್ಲ, ಹೆಂಡತಿಯ ಹೊಲಿಗೆ ಯಂತ್ರ ಇದೆ ಎಂದೆ. ನಗಲಿಲ್ಲ. ಒಪ್ಪದಿದ್ದರೆ ಏಪ್ರಿಲ್ ಒಂದಕ್ಕೆ ನನ್ನ ಕುರ್ಚಿಯಲ್ಲಿ ಒಪ್ಪುವವರು ಯಾರಾದರೂ ಕೂರುತ್ತಾರೆ ಎಂದು, ಹವಾಮಾನ ಹೇಳುವ ದನಿಯಲ್ಲಿ ಹೇಳಿದರು. ನಾನು ಆ ಹೊಸ ತಂತ್ರಾಂಶವನ್ನು ಮುಟ್ಟುವುದಿಲ್ಲ. ಬೇಕಾದರೆ ಕುರ್ಚಿಯನ್ನೇ ಹೊತ್ತುಕೊಂಡು ಹೋಗುತ್ತೇನೆ.

ಪುಟ ಕಟ್ಟುವ ಹುಡುಗಿ ನನ್ನ ಪಕ್ಕದ ಮೇಜಿನವಳು, ನನ್ನನ್ನು ಅಣ್ಣ ಎನ್ನುತ್ತಾಳೆ. ಸುತ್ತೋಲೆಯ ಕೆಳಗಿನ ಅಡಿಟಿಪ್ಪಣಿ ನೋಡಲಿಲ್ಲವೇ ಎಂದು ಕೇಳಿದಳು. ಅಡಿಟಿಪ್ಪಣಿ ಓದುವ ಅಭ್ಯಾಸ ನನಗಿಲ್ಲ ಎಂದೆ. ಕರಡು ತಿದ್ದುವವನ ಬಾಯಿಂದ ಬರಬಾರದ ಮಾತು. ಅವಳು ವಿಚಿತ್ರವಾಗಿ ನೋಡಿ, ತಾನೇ ಓದಿ ಹೇಳಿದಳು: ಸಾರ್ವಜನಿಕ ಭಂಡಾರದಲ್ಲಿ ಪರೀಕ್ಷೆಯಾಗಿ ಸೇರಿರುವ ಪ್ಯಾಕೇಜುಗಳಿಗೂ, ಅವು ನಡೆಯುವ ಎಡಿಟರಿಗೂ ಈ ನಿಷೇಧ ಅನ್ವಯಿಸುವುದಿಲ್ಲ.

ಸಭಿಕರೇ, ಕೋಟೆಗೆ ಕಿಂಡಿ ಸಿಕ್ಕಿತು. ನನ್ನ ಬಾಲಂಗೋಚಿ ಭಂಡಾರ ಸೇರಿದರೆ ನಾನು ಕುರ್ಚಿಯಲ್ಲಿ, ಸೇರದಿದ್ದರೆ ಬೀದಿಯಲ್ಲಿ.

ಮಾರ್ಚ್ 8, ಶನಿವಾರ

ರಜೆ. ಮುಂದಿನ ಕೋಣೆಯಲ್ಲಿ ಇವಳ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ನನ್ನದು. ಅವಳದ್ದು ಟಕಟಕ, ನನ್ನದು ಪಟಪಟ. ಹಿಗ್ಗನ್ನೂ ಪಿಸುಮಾತನ್ನೂ ಒಂದೇ ಪ್ಯಾಕೇಜಾಗಿ ಕಟ್ಟಿದೆ. ಹೆಸರು ಹಿಗ್ಗು ಎಂದೇ ಇಟ್ಟೆ. ಪ್ರಾಸದಾಸನನ್ನು ಹೊರಗಿಟ್ಟೆ, ಚಟವನ್ನು ಪರೀಕ್ಷೆಗೆ ಒಡ್ಡಬಾರದು.

ಶನಿವಾರ ಅವಳ ಬಾಬಿನ್‌ಗಳಿಗೆ ದಾರ ಸುತ್ತಿಕೊಡುವುದು ನನ್ನ ಪಾಲಿನ ಕೆಲಸ. ಕಡುನೀಲಿ ಕೇಳಿದಳು. ಸುತ್ತಿ ಕೊಟ್ಟೆ. ಇದು ಕಪ್ಪು ಎಂದಳು. ನೀಲಿಯ ಅಣ್ಣನೇ ತಾನೇ, ಒಂದೇ ಮನೆಯವರು ಎಂದೆ. ಸಾಮಾನ್ಯವಾಗಿ ಇಂಥದ್ದಕ್ಕೆ ಒಂದು ತಿರುಗೇಟು ಸಿಗುತ್ತದೆ. ಇವತ್ತು ಸುಮ್ಮನೆ ಬಾಬಿನ್ ತೆಗೆದುಕೊಂಡು ಹೋದಳು. ವಯಸ್ಸಾಗುತ್ತಿದೆ, ಪಾಪ.

ಸಂಜೆ ನನ್ನ ಹಿಂದೆ ನಿಂತು ತೆರೆ ನೋಡಿದಳು.

“ಏನ್ರೀ, ಇದು ಅಕ್ಷರನಾ, ಅಂಗಡಿ ಬೋರ್ಡಾ?”

“ದೊಡ್ಡವರ ಬರಹ ದೊಡ್ಡದಾಗೇ ಇರುತ್ತೆ.”

ಆಮೇಲೆ ಅಂಗಡಿಗೆ ಹೋಗಿ ಬಂದು, ಸ್ಟೂಲು ಹತ್ತಿ, ನನ್ನ ಮೂಲೆಗೆ ಹೊಸ ಬಲ್ಬು ಹಾಕಿದಳು. ಆಪರೇಷನ್ ಕೋಣೆಯ ಬೆಳಕು. ನಾನು ಆಕ್ಷೇಪಿಸಿದೆ, ಹಳೆಯದು ಸುಟ್ಟುಹೋಯಿತು ಎಂದಳು. ನಿನ್ನೆವರೆಗೂ ಚೆನ್ನಾಗಿಯೇ ಉರಿಯುತ್ತಿತ್ತು. ಇನ್ನೊಂದು ವಿಷಯ: ಈಚೆಗೆ ನನ್ನ ಚಹಾ ಲೋಟ ದಿನವೂ ಮೇಜಿನ ಅದೇ ಬಲಮೂಲೆಯಲ್ಲಿ ಬಂದು ಕೂರುತ್ತದೆ. ಚಪ್ಪಲಿಗೂ ಖಾಯಂ ಜಾಗವಾಗಿದೆ. ಕಚೇರಿಯ ಏಕರೂಪತೆ ಮನೆಗೂ ನುಗ್ಗಿತಲ್ಲ ಎಂದು ಛೇಡಿಸಿದೆ. “ಹೂಂ, ನುಗ್ಗಿತು” ಎಂದಳು.

[ಗುರುವಾರ ಬ್ಯಾಂಕಿಗೆಂದು ಹೇಳಿ ಅರ್ಧ ದಿನ ರಜೆ ಹಾಕಿ ಹೋದದ್ದು ಕಣ್ಣಾಸ್ಪತ್ರೆಗೆ. ಕನ್ನಡಕ ಬದಲಿಸಿ ಪ್ರಯೋಜನವಿಲ್ಲವಂತೆ. ನೋಟದ ನಡುಭಾಗ ಹೋಗುತ್ತದೆ, ಅಂಚು ಉಳಿಯುತ್ತದೆ. ಎಷ್ಟು ಬೇಗ ಎಂದು ಕೇಳಿದೆ. ಒಬ್ಬೊಬ್ಬರಿಗೆ ಒಂದೊಂದು ಥರ ಎಂದರು ಡಾಕ್ಟರು.]

ಮಾರ್ಚ್ 11, ಮಂಗಳವಾರ

ಹಿಗ್ಗನ್ನು ಭಂಡಾರಕ್ಕೆ ಕಳಿಸಿದೆ. ನಮ್ಮ ಭಾಷೆಯ ಪ್ಯಾಕೇಜುಗಳನ್ನು ಪರೀಕ್ಷಿಸುವವರು ಯಾರೋ ಒಬ್ಬರು. ಮುಖವಿಲ್ಲ, ಊರಿಲ್ಲ, ‘ಬಾಗಿಲುಗಾರ’ ಎಂಬ ಅಡ್ಡಹೆಸರು ಮಾತ್ರ. ಸಂಜೆಗೇ ಉತ್ತರ ಬಂತು. ಕೆಲಸ ಅಚ್ಚುಕಟ್ಟಾಗಿದೆ, ಎರಡು ಕಡೆ ಹೆಸರು ಬದಲಿಸಿ, ಮತ್ತು ಮೊದಲ ಸಾಲಿನ ವಿವರಣೆ ಖಾಲಿ ಇದೆ, ತುಂಬಿ. ಭಂಡಾರದ ಪ್ರತಿ ಪ್ಯಾಕೇಜಿನ ಹಣೆಯ ಮೇಲೂ ಒಂದು ಸಾಲಿನ ವಿವರಣೆ ಇರಲೇಬೇಕಂತೆ. ಪಟ್ಟಿಯಲ್ಲಿ ಜನ ಓದುವುದು ಅದೊಂದನ್ನೇ.

ಒಂದು ಸಾಲು! ಸಾಲು ಬರೆಯಲು ನನಗೆ ಹೇಳಿಕೊಡಬೇಕೆ? ಕೂಡಲೇ ಕಳಿಸಿದೆ:

ಅಕ್ಷರ ಹಿಗ್ಗಲಿ, ಆಲಸ್ಯ ಕುಗ್ಗಲಿ, ಅಚ್ಚಿನ ಮನೆಯಲ್ಲಿ ತಪ್ಪುಗಳು ತಗ್ಗಲಿ.

ಮಾರ್ಚ್ 13, ಗುರುವಾರ

ಬಾಗಿಲುಗಾರನ ಉತ್ತರ: “ಪ್ರಾಸ ಬೇಡ. ಏನು ಮಾಡುತ್ತದೆ, ಯಾರಿಗಾಗಿ. ಅಷ್ಟೇ.”

ಅರಸಿಕ. ಇಂಥವನಿಗೆ ಬಾಗಿಲು ಕೊಟ್ಟವರಾರು? ಸ್ವಲ್ಪ ಕೆಳಗಿಳಿದು ಇನ್ನೊಂದು ಕಳಿಸಿದೆ: ಕಿವಿಯಲ್ಲಿ ಪಿಸುಮಾತು, ತೆರೆಯಲ್ಲಿ ದೊಡ್ಡಕ್ಷರ, ಕೂತಲ್ಲೇ ಮುಗಿಯುವುದು ಕರಡೆಲ್ಲ ಸರಸರ.

ಮಾರ್ಚ್ 17, ಸೋಮವಾರ

“ಇದೂ ಪ್ರಾಸವೇ. ಏನು ಮಾಡುತ್ತದೆ ಎಂದು ಗೊತ್ತಾಯಿತು. ಯಾರಿಗಾಗಿ?”

ಯಾರಿಗಾದರೂ ಆಗಲಿ, ಅವನಿಗೇನು? ಕೊಡೆ ಮಾರುವವನು ಮಳೆಯಲ್ಲಿ ಯಾರು ನಡೆಯುತ್ತಾರೆಂದು ಕೇಳುತ್ತಾನೆಯೇ? ‘ಎಲ್ಲರಿಗಾಗಿ’ ಎಂದು ಬರೆದು ಕಳಿಸಿದೆ. ಎಲ್ಲರಿಗಾಗಿ ಎಂದರೆ ಯಾರಿಗೂ ಅಲ್ಲ ಎಂದು ಐದು ನಿಮಿಷದಲ್ಲಿ ವಾಪಸ್ ಬಂತು. ಮನುಷ್ಯನಿಗೆ ಬೇರೆ ಕೆಲಸವಿಲ್ಲ.

ಕಚೇರಿಯಲ್ಲಿ ಸಣ್ಣ ಪ್ರಸಂಗ. ಸಾಹೇಬರ ಕೋಣೆಗೆ ಹೋಗಿ ನಮಸ್ಕಾರ ಸರ್ ಎಂದು, ಕರಡು ಇನ್ನೆರಡು ದಿನದಲ್ಲಿ ಕೊಡುತ್ತೇನೆ ಎಂದು ವಿನಯದಿಂದ ವಿವರಿಸಿದೆ. ಹಿಂದಿನಿಂದ ಪುಟ ಕಟ್ಟುವ ಹುಡುಗಿ ಮೆಲ್ಲಗೆ, “ಅಣ್ಣಾ, ಸರ್ ಇಲ್ಲ. ಅದು ಅವರ ಕೋಟು” ಎಂದಳು. ಗೊತ್ತು ಎಂದೆ. ಕೋಟಿನ ಜೊತೆ ಮಾತಾಡಿದರೆ ಕನಿಷ್ಠ ಅದು ಏಕರೂಪತೆ ಎನ್ನುವುದಿಲ್ಲ ಎಂದೆ. ಅವಳು ನಕ್ಕಳು, ಆದರೆ ತಡವಾಗಿ.

[ಕುರ್ಚಿಯ ಬೆನ್ನಿಗೆ ಹಾಕಿದ ಕೋಟು. ಬಾಗಿಲಿಂದ ನಾಲ್ಕು ಹೆಜ್ಜೆ ಕೂಡ ಇರಲಿಲ್ಲ.]

ಮಾರ್ಚ್ 21, ಶುಕ್ರವಾರ

ವಿಶೇಷವಿಲ್ಲ. ಅಕ್ಷರವನ್ನು ಇನ್ನೊಂದು ಮೆಟ್ಟಿಲು ಹಿಗ್ಗಿಸಿದೆ. ತೆರೆಯಲ್ಲಿ ಈಗ ಒಂದು ಸಲಕ್ಕೆ ಮೂರು ಪದ. ಸಾವಧಾನವಾಗಿ ಓದಿದಂತಾಗುತ್ತದೆ.

ಮಾರ್ಚ್ 25, ಮಂಗಳವಾರ

ಮಹನೀಯರೇ, ಇಂದು ನಾನು ಖಳನಾಯಕನಾದೆ. ಎದ್ದು ನಿಲ್ಲಬೇಡಿ, ಕೂತೇ ಕೇಳಿ.

ಒಬ್ಬ ನಿವೃತ್ತ ಪ್ರಾಂಶುಪಾಲರ ಆತ್ಮಕಥೆ ಅಚ್ಚಾಗಿ ಬಂತು. ದಪ್ಪ ರಟ್ಟು, ಒಳ್ಳೆಯ ಕಾಗದ. ಏಳನೆಯ ಅಧ್ಯಾಯದ ನಟ್ಟನಡುವೆ, ಚೌಕ ಕಂಸದ ಸಮೇತ, ಈ ವಾಕ್ಯ: “ಇಲ್ಲಿ ಲೇಖಕರಿಗೇ ನಿದ್ದೆ ಬಂದಂತಿದೆ. ಅರ್ಧ ಕತ್ತರಿಸಿ.” ಕರಡಿನಲ್ಲಿ ಏಕರೂಪ ಸಾಹೇಬರೇ ನನಗೆ ಬರೆದಿದ್ದ ಟಿಪ್ಪಣಿ. ಪ್ರತಿಗಳೆಲ್ಲ ಅಂಗಡಿಗಳಿಗೆ ಹೋಗಿಯಾಗಿದೆ. ಪ್ರಾಂಶುಪಾಲರು ಫೋನ್ ಮಾಡಿ, ಬಹಳ ಶಾಂತವಾಗಿ, ಅರ್ಧ ಎಂದರೆ ಮೇಲಿನ ಅರ್ಧವೋ ಕೆಳಗಿನ ಅರ್ಧವೋ ಎಂದು ಕೇಳಿದರಂತೆ.

ಸಾಹೇಬರು ಪುಸ್ತಕವನ್ನು ನನ್ನ ಮೇಜಿನ ಮೇಲೆ ತೆರೆದಿಟ್ಟು ನಿಂತರು. ಇಡೀ ಕಚೇರಿ ಟೈಪ್ ಮಾಡುವುದನ್ನು ನಿಲ್ಲಿಸಿತು.

“ನಿಮ್ಮ ಕಣ್ಣು ತಪ್ಪಿಸಿ ಒಂದು ಅಲ್ಪವಿರಾಮ ಹೋಗಲ್ಲ. ಇಷ್ಟು ದೊಡ್ಡ ವಾಕ್ಯ ಹೋಗುತ್ತಾ? ಇದು ಸೇಡು. ಸುತ್ತೋಲೆಗೆ ಸೇಡು ತೀರಿಸ್ಕೊಂಡಿದ್ದೀರಿ.”

“ಹೌದು ಸರ್. ಬೇಕಂತಲೇ ಬಿಟ್ಟೆ.”

ಪುಟ ಕಟ್ಟುವ ಹುಡುಗಿ ಉಸಿರೆಳೆದುಕೊಂಡದ್ದು ಕೇಳಿಸಿತು. ನಾನು ಇಲ್ಲ ಎನ್ನುತ್ತೇನೆಂದು ಸಾಹೇಬರು ಸಿದ್ಧವಾಗಿ ಬಂದಿದ್ದರು. ಮೂವತ್ತೊಂದರೊಳಗೆ ಬರವಣಿಗೆಯಲ್ಲಿ ಸಮಜಾಯಿಷಿ ಕೊಡಬೇಕು, ಆಮೇಲೆ ಉಳಿದ ಮಾತು ಎಂದರು. ಸಮಜಾಯಿಷಿ ಕೊಡುವವನು ನಾನಲ್ಲ. ತಲೆ ಎತ್ತಿ ಹೊರಟು ಬಂದೆ. ಬಾಗಿಲ ಚೌಕಟ್ಟಿಗೆ ಭುಜ ತಾಗಿತು, ಅದು ಬೇರೆ ವಿಷಯ.

[ಬೇಕಂತ ಬಿಡಲಿಲ್ಲ. ಪಿಸುಮಾತು ಹಾರಿ ಹೋಯಿತು, ನನಗೆ ಕೇಳಲಿಲ್ಲ. ಕಣ್ಣಿಂದ ಹುಡುಕುವ ಕೊನೆಯ ಸುತ್ತನ್ನು ಈ ಸಲ ಮಾಡಲೇ ಇಲ್ಲ. ಮಾಡಿ ಏನು ಕಾಣಬೇಕಿತ್ತು? ಕಿಡಿಗೇಡಿ ಎನ್ನಿಸಿಕೊಂಡವನು ಮರುದಿನವೂ ಕಚೇರಿಗೆ ಹೋಗಬಹುದು.]

ಮಾರ್ಚ್ 26, ಬುಧವಾರ

ಇವಳಿಗೆ ನಿನ್ನೆಯ ಶೌರ್ಯವನ್ನು ಅಭಿನಯ ಸಮೇತ ಹೇಳಿದೆ. ಪ್ರಾಂಶುಪಾಲರ ಫೋನಿನ ಭಾಗಕ್ಕೆ ನಗುತ್ತಾಳೆಂದುಕೊಂಡಿದ್ದೆ. ಯಂತ್ರ ನಿಲ್ಲಿಸಿ ಕೇಳಿದಳು.

“ಬೇಕಂತ ಬಿಟ್ರಾ?”

“ಬೇಕಂತಲೇ.”

“ಹೌದಾ. ಹಾಗಾದ್ರೆ ಆ ಬಲ್ಬು ನಾನು ಯಾರಿಗೆ ಹಾಕಿದ್ದು?”

ಯಂತ್ರ ಮತ್ತೆ ಟಕಟಕ ಎಂದಿತು.

ಮಾರ್ಚ್ 28, ಶುಕ್ರವಾರ

ರಜೆ ಹಾಕಿದೆ. ಬೆಳಗ್ಗೆ ಬಾಗಿಲುಗಾರನಿಂದ ಪತ್ರ. ಈ ಸಲ ಒಂದು ಸಾಲಲ್ಲ, ಉದ್ದ. ಪಿಸುಮಾತಿನಿಂದ ಓದಿಸಿಕೊಂಡೆ.

ಪ್ಯಾಕೇಜನ್ನು ಕೂಲಂಕಷವಾಗಿ ಪರೀಕ್ಷಿಸುವಾಗ ಆತನಿಗೆ ಚೌಕ ಕಂಸದ ಶಿಸ್ತು ಸಿಕ್ಕಿದೆ. ಅದಕ್ಕೇ ಆತನ ತಕರಾರು. “ನಾನು ‘ಯಾರಿಗಾಗಿ’ ಎಂದು ಕೇಳುತ್ತಿರುವುದು ಕುತೂಹಲಕ್ಕಲ್ಲ. ಕಾಣುವವರಿಗೆ ಈ ಶಿಸ್ತು ಅನುಕೂಲ: ಕಿವಿ ಹಾರಿಸಿದ್ದನ್ನು ಕಣ್ಣು ಹಿಡಿಯುತ್ತದೆ. ಕಾಣದವರಿಗೆ ಇದು ದಾರಿಯಲ್ಲಿ ತೋಡಿದ ಗುಂಡಿ. ಇರಬೇಕೋ ಬೇಡವೋ ಎಂದು ನಾನು ಹೇಗೆ ತೀರ್ಮಾನಿಸಲಿ? ಬರೆದವರು ನೀವು. ಯಾರಿಗಾಗಿ ಬರೆದಿರಿ?”

ಆ ಗುಂಡಿಗೆ ನಾನು ಮಂಗಳವಾರವೇ ಬಿದ್ದಿದ್ದೇನೆ ಸ್ವಾಮಿ, ಪ್ರಾಂಶುಪಾಲರನ್ನೂ ಎಳೆದುಕೊಂಡು.

ಬಹಳ ಹೊತ್ತು ಬಯ್ದೆ. ಪ್ರಾಸಬದ್ಧವಾಗಿ ಬಯ್ದೆ. ಆಮೇಲೆ ಕೂತು ಆ ಶಿಸ್ತನ್ನು ಅಳಿಸಿದೆ. ನಾಲ್ಕು ಸಾಲಿನ ಕೆಲಸ. ಅಳಿಸಿದ ಮೇಲೆ ಪರೀಕ್ಷೆ ಮಾಡಬೇಕಲ್ಲ, ಚೌಕ ಕಂಸವಿರುವ ಒಂದು ಉದ್ದನೆಯ ಬರಹ ಬೇಕು. ಕಚೇರಿಯ ಕರಡುಗಳು ಕಚೇರಿಯಲ್ಲಿ. ಮನೆಯಲ್ಲಿದ್ದದ್ದು ಈ ದಿನಚರಿ ಒಂದೇ.

ಓದಿಸಿದೆ. ಪಿಸುಮಾತಿನ ದನಿ ಯಂತ್ರದ್ದು, ಏರಿಲ್ಲ ಇಳಿವಿಲ್ಲ. ‘ಮಾನ್ಯ ಅಧ್ಯಕ್ಷರೇ’ ಎಂದಿತು. ಅದೇ ದನಿಯಲ್ಲಿ ‘ಒತ್ತಕ್ಷರಗಳು ಕಾಣುತ್ತಿಲ್ಲ’ ಎಂದಿತು. ಅದೇ ದನಿಯಲ್ಲಿ ಕಣ್ಣಾಸ್ಪತ್ರೆ ಎಂದಿತು, ಕೋಟು ಎಂದಿತು, ಬೇಕಂತ ಬಿಡಲಿಲ್ಲ ಎಂದಿತು. ಇದನ್ನೆಲ್ಲ ಬರೆದವನು ನಾನೇ, ಆದರೂ ಯಾರೋ ಪಕ್ಕದ ಮನೆಯವನ ವಿಷಯ ಕೇಳಿದ ಹಾಗಿತ್ತು. ಅವನ ಮೇಲೆ ಕೋಪ ಬಂತು. ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು ಇವನದು?

ಪರೀಕ್ಷೆ ಯಶಸ್ವಿ. ಎಲ್ಲವೂ ಕೇಳಿಸುತ್ತದೆ.

ಮಾರ್ಚ್ 31, ಸೋಮವಾರ

ಶನಿವಾರ ಬಾಗಿಲುಗಾರನಿಗೆ ಸಾಲು ಕಳಿಸಿದೆ. ಪ್ರಾಸದಾಸನನ್ನು ಕೇಳಲಿಲ್ಲ:

ಸಾಲನ್ನು ದೊಡ್ಡದು ಮಾಡಿ, ಒಂದನ್ನೂ ಬಿಡದೆ ಓದಿ ಹೇಳುತ್ತದೆ. ಕಣ್ಣು ಹೋಗುತ್ತಿದ್ದರೂ ಕೆಲಸ ಬಿಡದವರಿಗಾಗಿ.

ಭಾನುವಾರ ಉತ್ತರ ಬಂತು. “ಸರಿ. ಒಳಗೆ ಬನ್ನಿ.”

ಇಂದು ಬೆಳಗ್ಗೆ ಸಾಹೇಬರ ಕೋಣೆಗೆ ಹೋದೆ. ಮೊದಲು ಕೋಟಿನ ತೋಳು ಮುಟ್ಟಿ, ಒಳಗೆ ಮನುಷ್ಯನಿದ್ದಾನೆಯೇ ಎಂದು ಖಚಿತಪಡಿಸಿಕೊಂಡೆ. ಇದ್ದರು, ಬೆಚ್ಚಿಬಿದ್ದರು. ಸಮಜಾಯಿಷಿ ಎಂದು ಅದೇ ಒಂದು ಸಾಲನ್ನು ದೊಡ್ಡಕ್ಷರದಲ್ಲಿ ಮುದ್ರಿಸಿ ಕೊಟ್ಟೆ. ಜೊತೆಗೆ ಭಂಡಾರದ ಒಪ್ಪಿಗೆ, ಮತ್ತು ಅವರದೇ ಸುತ್ತೋಲೆಯ ಅಡಿಟಿಪ್ಪಣಿ. ಕಾಗದಗಳನ್ನು ಒಂದೊಂದಾಗಿ ತಿರುವಿದ ಸದ್ದು ಕೇಳಿಸಿತು. ಅವರ ಮುಖದಲ್ಲಿ ಏನಿತ್ತು ಎಂದು ಹೇಳಲಾರೆ.

“ಮೊದಲೇ ಹೇಳಬಹುದಿತ್ತಲ್ಲ” ಎಂದರು, ದನಿ ತಗ್ಗಿಸಿ.

“ಹೇಳಿದ್ರೆ ನೀವು ಕರುಣೆ ತೋರಿಸ್ತಿದ್ರಿ ಸರ್. ಅದು ಬೇಡ. ನಿಯಮ ಇದೆ. ನಿಯಮ ತೋರಿಸಿ.”

ಪ್ರಾಂಶುಪಾಲರಿಗೆ ನಾನೇ ಹೋಗಿ ಹೇಳಿ ಬರಬೇಕು ಎಂದರು. ಹೇಳುತ್ತೇನೆ ಎಂದೆ. ಕೊನೆಯ ಸುತ್ತಿನ ಕರಡು ಇನ್ನು ಮೇಲೆ ಪುಟ ಕಟ್ಟುವ ಹುಡುಗಿಯ ಕಣ್ಣಿಗೂ ಬಿದ್ದೇ ಅಚ್ಚಿಗೆ ಹೋಗಬೇಕು ಎಂದರು. ಅದು ನನಗೆ ಇಷ್ಟವಾಗಲಿಲ್ಲ, ಆದರೆ ಸರಿಯಾಗಿತ್ತು. ನಾಳೆ ನಾನು ಅದೇ ಕುರ್ಚಿಯಲ್ಲಿ, ಅದೇ ಹಳೆಯ ಎಡಿಟರಿನ ಮುಂದೆ. ಏಕರೂಪ ಸಾಹೇಬರ ಕಚೇರಿಯಲ್ಲಿ ಒಂದು ಬಾಲಂಗೋಚಿ ನೇತಾಡುತ್ತಿರುತ್ತದೆ, ಕಾನೂನುಬದ್ಧವಾಗಿ.

ಆದ್ದರಿಂದ ಮಾನ್ಯ ಅಧ್ಯಕ್ಷರೇ, ಗಣ್ಯರೇ, ವಿಮರ್ಶಕರೇ, ಆಕಳಿಸುವವರೇ, ಇನ್ನು ವಂದನಾರ್ಪಣೆ. ನೀವು ಯಾರೂ ಇಲ್ಲ. ಎಂದೂ ಇರಲಿಲ್ಲ. ಈ ದಿನಚರಿಯ ಒಂದು ಪುಟವನ್ನೂ ನಾನು ಓದಿದವನಲ್ಲ, ಕೇಳಿದವನು. ಒಬ್ಬನೇ ಕೂತು ಕೇಳಲು ಅಂಜಿಕೆಯಾಗಿ ನಿಮ್ಮನ್ನು ಕುರ್ಚಿ ಹಾಕಿ ಕೂರಿಸಿಕೊಂಡಿದ್ದೆ. ಎದ್ದು ಹೋಗಿ. ಮುಂದಿನ ಕೋಣೆಯಲ್ಲಿ ಯಂತ್ರ ನಿಂತಿದೆ. ಇವಳನ್ನು ಕರೆದಿದ್ದೇನೆ, ಬರುತ್ತಿದ್ದಾಳೆ, ಬಳೆ ಕೇಳಿಸುತ್ತಿದೆ. ಇಯರ್‌ಫೋನ್ ಕಿತ್ತಿಟ್ಟಿದ್ದೇನೆ. ಅವಳು ಕೂತ ಕೂಡಲೇ ಮೊದಲ ಪುಟದಿಂದ ಗಟ್ಟಿಯಾಗಿ ಓದಿಸುತ್ತೇನೆ, ಕಂಸದೊಳಗಿನದೂ ಸೇರಿ. ಕೊನೆಯದೊಂದು ಮಾತ್ರ ಕಂಸದ ಹೊರಗೇ ಇರಲಿ.

ನನಗೆ ನಿನ್ನ ಮುಖ ಕಾಣುತ್ತಿಲ್ಲ ಕಣೇ.